ಹಗುರ ಬಿಸ್ಕತ್ತಿನ ಪುಡಿ

ಆ ಮೊಟ್ಟೆಗೆ ಯಾರೋ ಹಲ್ಲು ಹಾಕಿದ್ದಾರೆ, ಪ್ಲಾಸ್ಟಿಕ್ ಮೊಟ್ಟೆ, ಏನು ತಿನ್ನಬೇಕೆಂದು ರೋಗಿಗಳಿಗೆ ತೋರಿಸಲು ಇಟ್ಟ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿದೆ, ಬಿಳಿಯ ಮೇಲೆ ನಾಲ್ಕು ಸಣ್ಣ ಗುರುತು, ಯಾವುದೋ ಮಗುವಿನ ಹಲ್ಲಿರಬೇಕು, ಇಲ್ಲವೇ ಹಸಿದ ರೋಗಿಯದು, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕರೆಸಿ ಎದುರಿಗೆ ಪ್ಲಾಸ್ಟಿಕ್ ಊಟ ಬಡಿಸಿಟ್ಟರೆ ಯಾರು ತಾನೇ ಸುಮ್ಮನಿದ್ದಾರು — ಮೊಟ್ಟೆಯ ಪಕ್ಕದಲ್ಲಿ ಮೀನಿನ ತುಂಡು, ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಚಮಚ ಎಣ್ಣೆ, ಎಣ್ಣೆಯನ್ನೂ ಪ್ಲಾಸ್ಟಿಕ್ಕಿನಲ್ಲೇ ಮಾಡಿದ್ದಾರೆ, ಹಳದಿಯಾಗಿ ಚಮಚಕ್ಕೆ ಅಂಟಿಕೊಂಡು ಕೂತಿದೆ, ಕೆಳಗಿನ ಸಾಲಿನಲ್ಲಿ ಅನ್ನದ ಬಟ್ಟಲು, ಎರಡು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಬಿಸ್ಕತ್ತು ಮಾತ್ರ ಇಲ್ಲ, ಮೂರು ಸಲ ನೋಡಿದೆ, ಇಲ್ಲ, ಇಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವಾಯಿತಲ್ಲ ನನಗೆ, ಆ ಸಮಾಧಾನಕ್ಕೇ ನನ್ನ ಕೆನ್ನೆಗೆ ನಾನೇ ಎರಡು ಬಿಗಿದುಕೊಳ್ಳಬೇಕು. ಏನೋ ಪುಟ್ಟಾ, ಆವಾಗಿಂದ ಅದನ್ನೇ ನೋಡ್ತಾ ಇದೀಯ, ಹಸಿವಾಯ್ತಾ ಎಂದು ಅಕ್ಕ ಕೇಳುತ್ತಾಳೆ, ಇಲ್ಲ ಅಕ್ಕ, ಇಲ್ಲ, ನಲವತ್ತಾರು ವರ್ಷದ ಪುಟ್ಟ ನಾನು, ತಲೆ ಮುಕ್ಕಾಲು ಬೋಳು, ಈ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು ಪ್ಲಾಸ್ಟಿಕ್ ಮೊಟ್ಟೆ ನೋಡುತ್ತಿದ್ದೇನೆ. ಅವಳ ಬಲಗಾಲಿಗೆ ಬ್ಯಾಂಡೇಜು ಸುತ್ತಿದ್ದಾರೆ, ಕಾಲನ್ನು ನನ್ನ ಚಪ್ಪಲಿಯ ಮೇಲೆ ಇಟ್ಟುಕೊಂಡಿದ್ದಾಳೆ, ನೆಲ ತಣ್ಣಗಿದೆ ಎಂದು ನಾನೇ ಬಿಚ್ಚಿ ಕೊಟ್ಟೆ, ತಣ್ಣಗಿದೆಯಾ, ನಂಗೇನೂ ಗೊತ್ತಾಗ್ಲೇ ಇಲ್ಲ ಕಣೋ ಎಂದಳು. ನಮ್ಮದು ಟೋಕನ್ ಹದಿನೇಳು, ಒಳಗೆ ಹದಿನಾಲ್ಕು ನಡೆಯುತ್ತಿದೆ.

ಗೊತ್ತಾಗಲೇ ಇಲ್ಲ — ನಾಲ್ಕು ದಿನ ಗೊತ್ತಾಗಲಿಲ್ಲ ಅವಳಿಗೆ, ಹಿಮ್ಮಡಿಯಲ್ಲಿ ಗುಂಡುಸೂಜಿ ಇಳಿದಿತ್ತು, ನಲವತ್ತು ವರ್ಷದಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಕ್ಕ, ಬಟ್ಟೆಯೊಳಗೆ ಅಡಗಿದ ಸೂಜಿಯನ್ನು ಕಣ್ಣು ಮುಚ್ಚಿ ಹುಡುಕಿ ತೆಗೆಯುವವಳು, ತನ್ನ ಕಾಲೊಳಗಿನ ಸೂಜಿ ಗೊತ್ತಾಗದೆ ಆ ಕಾಲಿನಿಂದಲೇ ಯಂತ್ರ ತುಳಿದಿದ್ದಾಳೆ, ತುಳಿದಷ್ಟೂ ಒಳಗೆ ಹೋಗಿದೆ, ಪ್ಯಾಂಟಿನ ಅಂಚು ಮಡಿಸಲು ಕೊಟ್ಟಿದ್ದ ಬ್ಯಾಂಕಿನ ಗುಮಾಸ್ತ ಬಂದು ನೆಲ ನೋಡಿ, ಅಮ್ಮಾ ಇಲ್ಲೆಲ್ಲ ಕೆಂಪು ಚುಕ್ಕಿ ಬಿದ್ದಿದೆಯಲ್ಲ ಎಂದನಂತೆ, ಬಣ್ಣ ಬಿಡೋ ಬಟ್ಟೆ ಕಣಪ್ಪ ಎಂದಳಂತೆ ಇವಳು. ಬಣ್ಣ ಬಿಡೋ ಬಟ್ಟೆ! ಹೇಳಿ ನಕ್ಕಳು ಬೇರೆ, ಸೂಜಿ ತೆಗೆದ ಸರ್ಜನ್ ನಗಲಿಲ್ಲ, ನನ್ನನ್ನು ಬಾಗಿಲ ಹೊರಗೆ ಕರೆದು, ನೀವು ತಮ್ಮಾನಾ ಎಂದರು, ಹೌದು ಸಾರ್, ನೋಡಿ, ಗಾಯ ದೊಡ್ಡದಲ್ಲ, ಸಕ್ಕರೆ ದೊಡ್ಡದು, ಇನ್ಸುಲಿನ್ ಶುರು ಮಾಡಿದೀವಿ, ಎರಡು ವಾರದಲ್ಲಿ ಸಕ್ಕರೆ ಇಳೀದೆ ಇದ್ರೆ ಇದು ಒಣಗಲ್ಲ, ಒಣಗದೆ ಮೇಲಕ್ಕೆ ಹತ್ತಿದ್ರೆ ಕಾಲಿನ ಮಾತಾಡಬೇಕಾಗುತ್ತೆ. ಕಾಲಿನ ಮಾತು ಅಂದರೆ ಕಾಲು ತೆಗೆಯುವ ಮಾತು. ಮೊದಲು ಡಯಟ್ ಮೇಡಂ ಹತ್ರ ಕರ್ಕೊಂಡು ಹೋಗಿ, ಏನು ತಿಂತಾರೆ ಅಂತ ಪೂರ್ತಿ ಹೇಳಿ, ಮುಚ್ಚಿಡಬೇಡಿ, ರೋಗಿಗಳು ತುಂಬ ಮುಚ್ಚಿಡ್ತಾರೆ ಎಂದರು. ರೋಗಿಗಳು ಮುಚ್ಚಿಡುತ್ತಾರೆ, ಹೂಂ, ರೋಗಿಯ ತಮ್ಮಂದಿರ ವಿಷಯ ಅವರಿಗೆ ಗೊತ್ತಿದ್ದಂತಿಲ್ಲ.

ಈಗ ಸ್ವಲ್ಪ ಹೊತ್ತಿಗೆ ಮುಂಚೆ ನರ್ಸು ಬಂದು ಅವಳ ತೋರುಬೆರಳಿಗೆ ಚುಚ್ಚಿದಳು, ನೋವಾಯ್ತಾ ಅಮ್ಮಾ ಎಂದರೆ, ಚುಚ್ಚಿದ್ಯಾ ಎಂದು ಕೇಳಿದಳು ಅಕ್ಕ, ಸೂಜಿ ತಿಂದು ತಿಂದು ಜಡ್ಡುಗಟ್ಟಿದ ಬೆರಳು, ಹಿಂಡಿ ಹಿಂಡಿ ಒಂದು ಹನಿ ರಕ್ತ ತೆಗೆಯಬೇಕಾಯಿತು, ಮುನ್ನೂರ ಹನ್ನೆರಡು ಎಂದು ಮಿಷನ್ನು ತೋರಿಸಿತು, ನರ್ಸು ಹತ್ತಿ ಕೊಟ್ಟಳು, ಅಕ್ಕ ಹತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಬೆರಳನ್ನು ಸೀದಾ ಬಾಯಿಗೆ ಹಾಕಿಕೊಂಡಳು — ಆ ಬೆರಳು, ಆ ಬಾಯಿ, ನಾನು ಬೇರೆ ಕಡೆ ನೋಡಿದೆ, ಆಗಲೇ ಈ ಪ್ಲಾಸ್ಟಿಕ್ ಮೊಟ್ಟೆ ಕಣ್ಣಿಗೆ ಬಿದ್ದದ್ದು. ಆ ಬೆರಳಿನ ಅಭ್ಯಾಸ ನನಗೆ ಐದು ವರ್ಷವಾಗಿದ್ದಾಗಿಂದ ಗೊತ್ತು, ಅಮ್ಮ ಕೆಲಸಕ್ಕೆ ಹೋದ ಮೇಲೆ ಬೆಳಗಿನ ತಿಂಡಿ ಕೊಡುವವಳು ಅಕ್ಕನೇ, ಎರಡೇ ಎರಡು ಬ್ರೆಡ್ಡು, ಡಬ್ಬಿಯ ತಳದಲ್ಲಿ ಚೂರು ಬೆಣ್ಣೆ, ಚಾಕುವಿನಿಂದ ಕೆರೆದು ಕೆರೆದು ಅಷ್ಟನ್ನೂ ನನ್ನ ಬ್ರೆಡ್ಡಿಗೇ ಸವರುತ್ತಿದ್ದಳು, ಮೂಲೆ ಮೂಲೆಗೂ, ತನ್ನದು ಒಣಕಲು, ನಿಂಗೆ ಬೇಡ್ವಾ ಅಕ್ಕ ಎಂದು ಕೇಳಿದರೆ, ನಂಗೆ ಬೆಣ್ಣೆ ಸೇರಲ್ಲ ಕಣೋ ಎನ್ನುವಳು, ನಾನು ನಂಬಿದ್ದೆ, ಹದಿನೆಂಟು ವರ್ಷ ತುಂಬುವವರೆಗೂ ನಮ್ಮ ಅಕ್ಕನಿಗೆ ಬೆಣ್ಣೆ ಸೇರುವುದಿಲ್ಲ ಎಂದೇ ಊರೆಲ್ಲ ಹೇಳಿಕೊಂಡು ಬಂದವನು ನಾನು, ಅವಳ ಮದುವೆಯಲ್ಲಿ ಅವಳು ಬೆಣ್ಣೆ ತಿನ್ನುವುದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತೆ. ನಾನು ತಿಂದೆದ್ದ ಮೇಲೆ ನನ್ನ ತಟ್ಟೆ ಎಳೆದುಕೊಂಡು ತೋರುಬೆರಳನ್ನು ತುಟಿಗೆ ಒತ್ತಿ ಒದ್ದೆ ಮಾಡಿ ಬ್ರೆಡ್ಡಿನ ಪುಡಿಯ ಮೇಲೆ ಒಂದೊಂದಾಗಿ ಇಡುವಳು, ಪುಡಿ ಬೆರಳಿಗೆ ಅಂಟುವುದು, ಬೆರಳು ಬಾಯಿಗೆ ಹೋಗುವುದು, ಮತ್ತೆ ತಟ್ಟೆಗೆ, ಮತ್ತೆ ಬಾಯಿಗೆ, ತೊಳೆಯುವುದೇ ಬೇಡ ಎನ್ನುವಷ್ಟು ಚೊಕ್ಕಟ ತಟ್ಟೆ. ಅದು ಆಟ ಎಂದುಕೊಂಡಿದ್ದೆ ನಾನು.

ಹದಿನೈದು ನಡೆಯುತ್ತಿದೆ, ಬಾಗಿಲು ತೆಗೆದಾಗ ಒಳಗಿನಿಂದ ಸಾಬೂನಿನ ವಾಸನೆ ಬಂತು, ನಮ್ಮ ಕಾರ್ಖಾನೆಯ ಪ್ರಯೋಗದ ಕೋಣೆಯಲ್ಲೂ ಇದೇ ವಾಸನೆ, ಅದರ ಮೇಲೆ ಬಿಸಿ ಸಕ್ಕರೆಯ ವಾಸನೆ, ಇಪ್ಪತ್ತು ವರ್ಷದಿಂದ ಅಂಗಿಗೆ ಅಂಟಿಕೊಂಡಿದೆ, ಬಸ್ಸಿನಲ್ಲಿ ಪಕ್ಕ ಕೂತವರು ಮೂಗರಳಿಸಿ ಏನು ಸಾರ್ ಬೇಕರಿನಾ ಎಂದು ಕೇಳುತ್ತಾರೆ. ಬಿಸ್ಕತ್ತಿನ ಕಾರ್ಖಾನೆ, ಯಾವ ಬಿಸ್ಕತ್ತಿಗೆ ಏನು ಎಷ್ಟು ಬೀಳಬೇಕು ಎಂದು ಗೊತ್ತು ಮಾಡುವವನು ನಾನು, ಹಿಟ್ಟು ಸಾರ್ ಎಂದು ನನ್ನ ಅಡ್ಡಹೆಸರು, ರುಚಿ ನೋಡುವ ಕೆಲಸದ ಮುದುಕರೊಬ್ಬರಿಗೆ ನಾಲಿಗೆ ಸಾರ್ ಎಂದು. ಏಳು ವರ್ಷದ ಹಿಂದೆ ಭಾವ ಮೆಟ್ಟಿಲ ಮೇಲೆ ಕುಸಿದು ಹೋದರು, ಐವತ್ತೆರಡಕ್ಕೇ, ಕರಿದದ್ದು ಕಂಡರೆ ಪ್ರಾಣ ಬಿಡುವ ಮನುಷ್ಯ, ರಕ್ತನಾಳದಲ್ಲಿ ಕೊಬ್ಬು ಕಟ್ಟಿತ್ತು ಎಂದರು ಡಾಕ್ಟರು, ಅಕ್ಕ ಒಲೆಯ ಮುಂದೆ ನಿಂತು, ದಿನಾ ಕರಿದು ಕರಿದು ಹಾಕಿ ನಾನೇ ಅವರನ್ನ ಕೊಂದೆನೇನೋ ಪುಟ್ಟಾ ಎಂದಳು, ಕಣ್ಣಲ್ಲಿ ನೀರಿಲ್ಲ, ಅದಕ್ಕೇ ಹೆದರಿಕೆಯಾಯಿತು, ಸಮಾಧಾನ ಹೇಳಬೇಕಲ್ಲ, ನೀನಲ್ಲ ಅಕ್ಕ, ಎಣ್ಣೆ, ಎಣ್ಣೆ ಕೊಂದಿದ್ದು ಎಂದುಬಿಟ್ಟೆ. ಭಾವ ಸಿಗರೇಟು ಸೇದುತ್ತಿದ್ದರು, ದಿನವಿಡೀ ವ್ಯಾನು ಓಡಿಸುತ್ತ ಕೂತೇ ಇರುತ್ತಿದ್ದರು, ಟೀಗೆ ನಾಲ್ಕು ಚಮಚ ಸಕ್ಕರೆ ಬೇಕಿತ್ತು, ಅದನ್ನೆಲ್ಲ ಬಿಟ್ಟು ನಾಲಿಗೆಯ ತುದಿಗೆ ಬಂದ ಒಂದು ಮಾತು, ಸಮಾಧಾನಕ್ಕೆ ಆಡಿದ್ದು, ಅವಳು ಅದನ್ನು ಗಂಟು ಹಾಕಿಕೊಂಡಳು, ಓದಿದ ತಮ್ಮ ಹೇಳಿದ್ದಾನೆ, ಮಾರನೆಯ ದಿನ ಎಣ್ಣೆಯ ಡಬ್ಬಿ, ಬೆಣ್ಣೆ, ಕಡಲೆಕಾಯಿ ಬೀಜ ಎಲ್ಲ ಪಕ್ಕದ ಮನೆಗೆ ಹೋಯಿತು, ಮೊಟ್ಟೆಯ ಹಳದಿ ಕೂಡ ತೆಗೆದು ಎಸೆಯುತ್ತಿದ್ದಳು. ಅಂದಿನಿಂದ ಅವಳ ಮನೆಯ ಬಾಣಲೆ ಒಲೆ ಹತ್ತಿಲ್ಲ.

ಅದೇ ವರ್ಷ ಮ್ಯಾನೇಜರು ಕರೆದು, ಕೊಬ್ಬು ಕಡಿಮೆ ಇರೋ ಬಿಸ್ಕತ್ತು ಬೇಕು, ಜನ ಹೆದರಿದ್ದಾರೆ, ಹೆದರಿದೋರಿಗೆ ಮಾರೋಕೆ ಇದೇ ಸಮಯ ಎಂದರು, ನಾನು ಅಕ್ಕನನ್ನು ನೆನೆದೇ ಒಪ್ಪಿದೆ, ಇದು ಸುಳ್ಳಲ್ಲ, ನೆನೆದೆ, ಅವಳಿಗಾಗಿ ಮಾಡುತ್ತೇನೆ ಎಂದುಕೊಂಡೆ, ಹಾಗಂದುಕೊಂಡರೆ ಕೆಲಸ ಚೆನ್ನಾಗಿ ಕಾಣುತ್ತದೆ. ಕೊಬ್ಬನ್ನು ನೂರಕ್ಕೆ ಇಪ್ಪತ್ತೆರಡು ಪಾಲಿನಿಂದ ಆರಕ್ಕೆ ಇಳಿಸಿದೆ, ಮೊದಲ ಸಲ ಬಂದದ್ದು ಹಲಗೆ, ರುಚಿ ನೋಡಲು ಕೂತ ಏಳು ಜನರೂ ಚೀಟಿಯಲ್ಲಿ ಒಂದೊಂದು ಬರೆದರು, ಸುಣ್ಣ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಒಬ್ಬಾಕೆ ನೀರು ಕೊಡಿ ಎಂದಷ್ಟೇ ಬರೆದಿದ್ದಳು, ಹದಿನಾಲ್ಕು ಸಲ ಕಲಸಿದೆ, ಪ್ರತಿ ಸಲವೂ ತೆಗೆದ ಕೊಬ್ಬಿನ ಜಾಗಕ್ಕೆ ಪಿಷ್ಟದ ಪುಡಿ, ಸಕ್ಕರೆ, ಸಕ್ಕರೆಯ ಪಾಕ, ಇನ್ನಷ್ಟು ಪಾಕ, ಹದಿನಾಲ್ಕನೆಯದು ಬಾಯಲ್ಲಿ ಕರಗಿತು. ನಾಲಿಗೆ ಸಾರ್ ಮಾತ್ರ ಅಗಿದು, ನುಂಗದೆ, ಕಾಗದದಲ್ಲಿ ಉಗಿದು, ಕೊಬ್ಬು ತೆಗೆದ್ರೆ ಬಾಯಿ ಮುನಿಸ್ಕೊಳ್ಳುತ್ತೆ, ಅದಕ್ಕೆ ನೀವು ಸಕ್ಕರೆ ಲಂಚ ಕೊಟ್ರಿ, ಹೊಟ್ಟೆಗೆ ಏನು ಕೊಡ್ತೀರಿ ಹಿಟ್ಟು ಸಾರ್, ಅದಕ್ಕೆ ತುಂಬಿದ್ದೇ ಗೊತ್ತಾಗಲ್ವಲ್ಲ, ಇನ್ನೊಂದು ಇನ್ನೊಂದು ಅಂತ ಕೇಳ್ತಾನೇ ಇರುತ್ತೆ ಎಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಮ್ಯಾನೇಜರು ಮಾತ್ರ ನಗದೆ ಅದನ್ನೇ ಒಳ್ಳೆಯ ಗುಣ ಎಂದು ಬರೆದುಕೊಂಡರು. ಹಗುರ ಎಂದು ಹೆಸರಿಟ್ಟರು, ಹಸಿರು ಕಾಗದ, ಮೂಲೆಯಲ್ಲಿ ಒಂದು ಎಲೆ, ಕೊಬ್ಬು ಇಷ್ಟು ಕಡಿಮೆ ಎಂದು ಮುಂದುಗಡೆ ದಪ್ಪಕ್ಷರ, ಸಕ್ಕರೆ ಎಷ್ಟು ಎಂದು ಹಿಂದುಗಡೆ ಇರುವೆಯಂಥ ಅಕ್ಷರ. ಸುಳ್ಳು ಎಲ್ಲೂ ಬರೆದಿಲ್ಲ.

ಶನಿವಾರ ಪಾಳಿ ಮುಗಿದಾಗ ಗೇಟಿನ ಹತ್ತಿರ ಒಡೆದ ಬಿಸ್ಕತ್ತುಗಳನ್ನು ಚೀಲ ಕಟ್ಟಿ ಇಡುತ್ತಾರೆ, ಕೆಲಸದವರು ಮನೆಗೆ ಒಯ್ಯಬಹುದು, ಬೆಣ್ಣೆ ಬಿಸ್ಕತ್ತಿನ ಚೀಲ ಹತ್ತು ನಿಮಿಷದಲ್ಲಿ ಖಾಲಿ, ನೂಕುನುಗ್ಗಲು, ಹಗುರದ ಚೀಲಗಳು ಹಾಗೇ ಉಳಿಯುತ್ತವೆ, ಒಲೆಯ ಹತ್ತಿರದವನು, ಪಾಕ ಸುರಿಯುವವಳು, ಚೀಲ ಹೊಲಿಯುವವಳು ಯಾರೂ ಕೈ ಹಾಕುವುದಿಲ್ಲ, ಅದರೊಳಗೆ ಏನು ಬೀಳುತ್ತದೆ ಎಂದು ಕಣ್ಣಾರೆ ಕಂಡವರು, ಮನೇಲಿ ಮಕ್ಕಳಿದ್ದಾರೆ ಸಾರ್ ಎಂದಳು ಒಬ್ಬಳು, ತಮಾಷೆಗೆ ಎಂಬಂತೆ. ಉಳಿದ ಚೀಲವನ್ನು ನಾನು ಎತ್ತಿಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೆ, ವಾರ ವಾರವೂ, ಏಳು ವರ್ಷ, ಯಾರಿಗೂ ಬೇಡವಾದದ್ದನ್ನು ಅಕ್ಕನಿಗೆ, ಈಗ ಅಂದುಕೊಂಡರೆ ಈ ಮಾತು ಎಷ್ಟು ಅಸಹ್ಯವಾಗಿ ಕಾಣುತ್ತದೆ, ಆಗ ಹಾಗೆ ಕಾಣಲಿಲ್ಲ, ಬಾಗಿಲು ತೆಗೆದ ಕೂಡಲೇ ಅವಳ ಮುಖ ಅರಳುವುದು, ಬಂದ್ಯಾ, ತಂದ್ಯಾ, ಚೀಲ ಇಸಕೊಂಡು ಹೊಲಿಗೆ ಯಂತ್ರದ ಪಕ್ಕದ ಡಬ್ಬಕ್ಕೆ ಸುರಿಯುವಳು, ಗೋಡೆಯ ಮೇಲೆ ಹಗುರದ ಮೊದಲ ಹಸಿರು ಕಾಗದವನ್ನು ಅಂಟಿಸಿದ್ದಾಳೆ, ಅಳತೆ ಕೊಡಲು ಬಂದವರಿಗೆಲ್ಲ ತೋರಿಸುತ್ತಾಳೆ, ಇದು ನನ್ನ ತಮ್ಮ ಕಂಡುಹಿಡಿದಿದ್ದು, ಒಂದು ಚೂರೂ ಕೊಬ್ಬಿಲ್ಲ, ನಮ್ಮ ಯಜಮಾನ್ರು ಇದ್ದಾಗ್ಲೇ ಮಾಡಿದ್ದಿದ್ರೆ ಅವರೂ ಉಳೀತಿದ್ರೇನೋ. ಎಣ್ಣೆಯಿಲ್ಲದ ಅನ್ನ ತಿಂದರೆ ಗಂಟೆಗೇ ಹಸಿವು, ಹಸಿದಾಗಲೆಲ್ಲ ಕೈ ಡಬ್ಬಕ್ಕೆ, ಒಂದು ಅಂಗಿಯ ತೋಳು ಮುಗಿದರೆ ಎರಡು ಬಿಸ್ಕತ್ತು, ಕಾಲರು ಮುಗಿದರೆ ಮತ್ತೆರಡು, ಬಟ್ಟೆಯ ಮೇಲೆ ಉದುರಿದ ಪುಡಿಗೆ ತೋರುಬೆರಳು ಒತ್ತಿ ಬಾಯಿಗೆ, ಒಂದು ಚೂರೂ ಹಾಳಾಗಬಾರದು, ತಮ್ಮ ಮಾಡಿದ್ದು. ಬೆಣ್ಣೆ ನನಗೆ, ಒಣಕಲು ಅವಳಿಗೆ, ಚಿಕ್ಕಂದಿನಲ್ಲಿ ಹಂಚಿದವಳು ಅವಳು, ದೊಡ್ಡವನಾದ ಮೇಲೆ ಹಂಚಿದವನು ನಾನು.

ಎರಡು ವರ್ಷದ ಹಿಂದೆ ಮೊದಲ ಸಲ ರಕ್ತದ ರಿಪೋರ್ಟು ಬಂದಿತ್ತು, ಸಕ್ಕರೆ ಅಂಚಿನಲ್ಲಿತ್ತು, ಇನ್ನೂ ಅಂಚು, ತಿರುಗಿಸಿಕೊಂಡು ಬರಬಹುದಾಗಿದ್ದ ಅಂಚು, ರಿಪೋರ್ಟು ನನ್ನ ಕೈಗೆ ಕೊಟ್ಟು, ಏನು ಬಿಡ್ಲಿ ಹೇಳು ಪುಟ್ಟಾ, ನೀನು ಹೇಳಿದ್ದು ಬಿಡ್ತೀನಿ ಎಂದಳು, ಕೇಳಿದವಳೇ ಬಿಸ್ಕತ್ತಿನ ಡಬ್ಬದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ನಾನು ನೋಡಿದೆ, ಡಬ್ಬ ನೋಡಿದೆ, ಗೋಡೆಯ ಹಸಿರು ಕಾಗದ ನೋಡಿದೆ, ಬಾಯಿ ತೆರೆದೆ, ಟೀಗೆ ಸಕ್ಕರೆ ಬಿಡು ಅಕ್ಕ ಎಂದೆ. ಬಿಟ್ಟಳು, ಆ ಕ್ಷಣಕ್ಕೇ, ಒಂದು ದಿನವೂ ತಪ್ಪಲಿಲ್ಲ. ಹೆದರಿಕೆಯೇ, ಹೌದು, ಕೆಲಸ ಹೋಗುತ್ತದೆ ಎಂದಲ್ಲ, ಅಕ್ಕ ಯಾರಿಗೂ ಹೇಳುತ್ತಿರಲಿಲ್ಲ, ಹೆದರಿದ್ದು ಆ ಕಾಗದಕ್ಕೆ, ಅದನ್ನು ಅವಳು ಗೋಡೆಯಿಂದ ಕಿತ್ತರೆ ಆ ಚೌಕ ಜಾಗ ಖಾಲಿಯಾಗುತ್ತದಲ್ಲ, ಅದಕ್ಕೆ, ಇಡೀ ಜಗತ್ತಿನಲ್ಲಿ ಇವನು ಏನೋ ಮಾಡಿದ್ದಾನೆ ಎಂದು ನಂಬಿರುವವಳು ಅವಳೊಬ್ಬಳು, ಅಷ್ಟಕ್ಕೋಸ್ಕರ. ಥೂ. ಆಮೇಲೆ ಎಷ್ಟು ಶನಿವಾರ ಬಂದವು, ನೂರಕ್ಕೆ ಮೇಲೆ, ಒಂದು ಶನಿವಾರ ಚೀಲ ಹಿಡಿಯದೆ ಹೋದೆ, ಯಾಕೋ ತರಲಿಲ್ವಾ ಎಂದು ಸೊರಗಿದ ಮುಖ ಮಾಡಿದಳು, ಮುಂದಿನ ವಾರ ಎರಡು ಚೀಲ ಒಯ್ದೆ. ಅವಳಿಗೆ ಖುಷಿಯಾಯಿತು.

ಹದಿನೇಳು. ಏಳು ಅಕ್ಕ, ನಿಧಾನ, ನನ್ನ ಹೆಗಲು ಹಿಡ್ಕೋ, ಒಳಗೆ ಸಣ್ಣ ಕೋಣೆ, ಮೇಜು, ಡಯಟ್ ಮೇಡಂ ನನ್ನ ಮಗಳ ವಯಸ್ಸಿನವಳು, ಕಣ್ಣಿನ ಕೆಳಗೆ ನಿದ್ದೆ ಉಳಿದಿದೆ, ಮೇಜಿನ ಮೇಲೆ ಬಣ್ಣ ಬಳಿದ ಒಂದು ತಟ್ಟೆ, ಅರ್ಧ ಹಸಿರು, ಕಾಲು ಹಳದಿ, ಕಾಲು ಕಂದು, ಅಂಚಿನಲ್ಲಿ ಒಂದು ಸಣ್ಣ ಚಮಚದ ಚಿತ್ರ. ಕೂತ್ಕೊಳ್ಳಿ ಅಮ್ಮಾ, ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಯ್ತು, ಒಂದೂ ಬಿಡದೆ ಹೇಳಿ ಎನ್ನುತ್ತಾಳೆ, ಅಕ್ಕ ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತು ಬೆರಳು ಮಡಿಸುತ್ತಾಳೆ, ಬೆಳಿಗ್ಗೆ ಟೀ, ಸಕ್ಕರೆ ಇಲ್ಲ, ಎರಡು ಬ್ರೆಡ್ಡು, ಬರೀ ಬ್ರೆಡ್ಡು, ಮಧ್ಯಾಹ್ನ ಅನ್ನ, ಬೇಯಿಸಿದ ತರಕಾರಿ, ಎಣ್ಣೆ ಇಲ್ಲ ಮೇಡಂ, ಏಳು ವರ್ಷದಿಂದ ಒಂದು ತೊಟ್ಟೂ ಇಲ್ಲ, ಸಾಯಂಕಾಲ ಟೀ, ಸಕ್ಕರೆ ಇಲ್ಲ, ರಾತ್ರಿ ಮತ್ತೆ ಅನ್ನ, ಸೊಪ್ಪು. ಐದು ಬೆರಳು ಮುಗಿದವು. ಇಷ್ಟೇನಾ? ಇಷ್ಟೇ. ಮಧ್ಯೆ ಮಧ್ಯೆ ಏನಾದ್ರೂ? ಮಧ್ಯೆ ಏನು ಮೇಡಂ, ಕೂತ್ಕೊಂಡು ಹೊಲಿಯೋದೇ. ಸುಳ್ಳು ಹೇಳುತ್ತಿಲ್ಲ ಅವಳು, ನನಗೆ ಗೊತ್ತು, ಅವಳ ಲೆಕ್ಕದಲ್ಲಿ ಅದು ತಿನ್ನುವುದಲ್ಲ, ಔಷಧಿ ಇದ್ದ ಹಾಗೆ, ತಮ್ಮ ಕೊಟ್ಟದ್ದು. ಮೇಡಂ ಹುಬ್ಬು ಗಂಟಿಕ್ಕಿ ಮುನ್ನೂರ ಹನ್ನೆರಡನ್ನೂ ಪಟ್ಟಿಯನ್ನೂ ನೋಡುತ್ತಾಳೆ, ಅನ್ನ ಬ್ರೆಡ್ಡು ಸ್ವಲ್ಪ ಜಾಸ್ತಿನೇ, ಆದ್ರೂ ಇಷ್ಟಕ್ಕೆ ಇಷ್ಟೊಂದು ಏರಲ್ವಲ್ಲ, ಹಾಗಿದ್ರೆ ಊಟದಿಂದ ಅಲ್ಲ ಅಂತ ಬರೀತೀನಿ, ಡಾಕ್ಟರ್ ಇನ್ಸುಲಿನ್ ಜಾಸ್ತಿ ಮಾಡ್ತಾರೆ, ಎನ್ನುತ್ತ ಪೆನ್ನಿನ ಮುಚ್ಚಳ ತೆಗೆದಳು.

ಬರೆಯಲಿ, ಬರೆದುಬಿಡಲಿ, ಇಂದಿನಿಂದ ಶನಿವಾರದ ಚೀಲ ನಿಲ್ಲಿಸಿದರಾಯಿತು, ಕಾರ್ಖಾನೆಯಲ್ಲಿ ಈಗ ಚೀಲ ಕೊಡುವುದಿಲ್ಲ ಅಕ್ಕ ಎಂದರಾಯಿತು, ಯಾರಿಗೂ ಏನೂ ತಿಳಿಯದೆ ಕೈ ತೊಳೆದುಕೊಳ್ಳಬಹುದು, ಹಸಿರು ಕಾಗದ ಗೋಡೆಯ ಮೇಲೆ ಹಾಗೇ ಇರುತ್ತದೆ — ಚೀಲ ನಿಲ್ಲುತ್ತದೆ, ಇನ್ಸುಲಿನ್ ಹೆಚ್ಚಾಗುತ್ತದೆ, ಹೆಚ್ಚಾದ ಇನ್ಸುಲಿನ್ನಿಗೆ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಯಂತ್ರದ ಮುಂದೆ ಒಬ್ಬಳೇ ಕೂತಿರುವಾಗ ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆಗಟ್ಟಿ ಬಿದ್ದರೆ, ನಿಲ್ಲಿಸದಿದ್ದರೆ ಕಾಲು, ನಿಲ್ಲಿಸಿದರೆ ಇದು, ಎರಡು ಕಡೆಯೂ ಅವಳೇ, ನನಗೆ ಒಂದು ಕಾಗದ, ಹಿಮ್ಮಡಿಯ ಸೂಜಿ ಗೊತ್ತಾಗದೆ ತುಳಿದಳಲ್ಲ, ನನಗೆ ಗೊತ್ತಿತ್ತಲ್ಲ, ಗೊತ್ತಿದ್ದೇ ತುಳಿಸಿದೆನಲ್ಲ. ಮೇಡಂ, ಬಿಸ್ಕತ್ತು. ಯಾರ ದನಿ ಇದು ಎನಿಸಿತು, ನನ್ನದೇ. ಏನಂದ್ರಿ? ಬಿಸ್ಕತ್ತು ತಿಂತಾರೆ ಮೇಡಂ, ಅಕ್ಕ, ದಿನಕ್ಕೆ ಎಷ್ಟು ಅಂತ ಹೇಳು ಅಕ್ಕ. ಅಯ್ಯೋ ಅದಾ ಎಂದು ಅಕ್ಕ ನಕ್ಕಳು, ನಕ್ಕಾಗ ಹೆಮ್ಮೆ ಅವಳ ಮುಖದ ತುಂಬ, ಅದರಲ್ಲಿ ಕೊಬ್ಬಿಲ್ಲ ಮೇಡಂ, ನನ್ನ ತಮ್ಮನೇ ಕಂಡುಹಿಡಿದಿದ್ದು, ನೀವು ತಿಂದು ನೋಡಬೇಕು, ದಿನಕ್ಕೆ ಹದಿನೈದೋ ಇಪ್ಪತ್ತೋ, ಎಣಿಸಿಲ್ಲಪ್ಪ, ನಿಲ್ಲಿ, ಇಲ್ಲೇ ಇದೆ, ಪುಟ್ಟ ಬೆಳಿಗ್ಗೆ ಏನೂ ತಿಂದಿರಲ್ಲ ಅಂತ ಕಟ್ಕೊಂಡು ಬಂದಿದ್ದೆ. ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು, ಒಡೆದ ಹಗುರ, ಮುಕ್ಕಾಲು, ಅರ್ಧ, ಚೂರು, ಪುಡಿ, ನನಗಾಗಿ ತಂದದ್ದು, ಇವತ್ತೂ ನನಗಾಗಿ.

ಮೇಡಂ ಒಂದು ಚೂರು ಎತ್ತಿ ತಿರುಗಿಸಿ ನೋಡಿದಳು, ಇದಕ್ಕೆ ಕವರಿಲ್ವಾ, ಏನೇನು ಹಾಕಿದ್ದಾರೆ ಅಂತ ಎಲ್ಲಿ ಓದ್ಲಿ, ಒಡೆದದ್ದಕ್ಕೆ ಕವರಿರುವುದಿಲ್ಲ ಮೇಡಂ, ಕವರು ನಾನೇ, ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಬಾಯಿ ಹೇಳತೊಡಗಿತ್ತು, ಏಳು ವರ್ಷದ ಬಾಯಿಪಾಠ, ನೂರು ಪಾಲಿನಲ್ಲಿ ಮೈದಾ ಐವತ್ತು, ಸಕ್ಕರೆ ಇಪ್ಪತ್ತೆಂಟು, ಪಾಕ ಎಂಟು, ಪಿಷ್ಟದ ಪುಡಿ ಏಳು, ಕೊಬ್ಬು ಆರು, ಉಳಿದದ್ದು ಉಪ್ಪು ಸೋಡಾ ಪರಿಮಳ, ಸಕ್ಕರೆ ಬೆಣ್ಣೆ ಬಿಸ್ಕತ್ತಿನದರ ಒಂದೂವರೆ ಪಟ್ಟು, ಕೊಬ್ಬು ತೆಗೆದ ಜಾಗಕ್ಕೆ ತುಂಬಿದ್ದು, ನಾನೇ ತುಂಬಿದ್ದು, ನಿಲ್ಲಿಸಲಾರದೆ ಹೇಳಿದೆ, ಎರಡು ವರ್ಷದಿಂದ ಗೊತ್ತಿತ್ತು ಎಂದೂ ಹೇಳಿದೆ, ಕೇಳದಿದ್ದರೂ. ಮೇಡಂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬಣ್ಣದ ತಟ್ಟೆಯನ್ನು ಅಕ್ಕನ ಕಡೆ ತಿರುಗಿಸಿ ಮೆಲ್ಲಗೆ ಹೇಳುತ್ತಿದ್ದಾಳೆ, ಅಮ್ಮಾ, ಕೊಬ್ಬು ಪೂರ್ತಿ ಬಿಟ್ಟಿದ್ದೂ ತಪ್ಪು, ಅದರ ಜಾಗಕ್ಕೆ ಇದನ್ನ ತುಂಬಿದ್ದೂ ತಪ್ಪು, ಅನ್ನ ಬ್ರೆಡ್ಡು ಈ ಹಳದಿ ಭಾಗದಷ್ಟೇ ಸಾಕು, ಅದರ ಜೊತೆಗೆ ಕಾಳೋ ಮೊಟ್ಟೆನೋ ಮೀನೋ ಈ ಕಂದು ಭಾಗದಷ್ಟು, ತರಕಾರಿ ಅರ್ಧ ತಟ್ಟೆ, ಅಡುಗೆಗೆ ಒಂದು ಚಮಚ ಎಣ್ಣೆ ಬೇಕೇ ಬೇಕು, ನಡುವೆ ಹಸಿವಾದ್ರೆ ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ, ಒಳ್ಳೆ ಕೊಬ್ಬಿದ್ರೆ ಹೊಟ್ಟೆ ನಿಲ್ಲುತ್ತೆ, ಸಕ್ಕರೆ ಹೀಗೆ ಎದ್ದು ಕುಣಿಯಲ್ಲ, ಈ ಪಟ್ಟಿ ನೋಡಿದ್ಮೇಲೇ ಇನ್ಸುಲಿನ್ ಎಷ್ಟು ಅಂತ ಡಾಕ್ಟರ್ ಹೇಳ್ತಾರೆ. ಕಡಲೆಕಾಯಿ ಬೀಜ ತಿನ್ನಬಹುದಾ ಎಂದು ಅಕ್ಕ ಕೇಳಿದಳು, ನಂಬಿಕೆಯಿಲ್ಲದ ದನಿ, ತಿನ್ನಬಹುದು ಅಮ್ಮಾ, ಉಪ್ಪು ಹಾಕದ್ದು. ಮೊಟ್ಟೆ ಹಳದಿ? ವಾರಕ್ಕೆ ಮೂರ್ನಾಲ್ಕು ಸಲ ಪರವಾಗಿಲ್ಲ. ಏಳು ವರ್ಷ ಎಸೆದೆ ಎಂದಳು, ಯಾರಿಗೂ ಹೇಳಿದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿದಳು, ಬಂತು, ಈಗ ಬಂತು, ಎರಡು ವರ್ಷದಿಂದ ಕಾದ ಮಾತು, ಅದನ್ನು ಕೇಳಲೆಂದೇ ತಲೆ ತಗ್ಗಿಸಿ ಕೂತೆ, ಆದರೆ ಅವಳು ಮೇಡಂಗೆ ಹೇಳಿದಳು, ಪಾಪ ಅವನದೇನೂ ತಪ್ಪಿಲ್ಲ ಮೇಡಂ, ಕಂಪನಿಯೋರು ಹೇಳಿದ್ದು ಮಾಡ್ತಾನೆ, ಅವನ ಹೆಸರು ಬರ್ಕೋಬೇಡಿ, ನನಗೇ ಬಾಯಿ ಚಪಲ.

ಬೆಣ್ಣೆ ಸೇರಲ್ಲ ಕಣೋ — ಅದೇ ದನಿ, ಅಂದಿನದೇ, ನನ್ನ ಬ್ರೆಡ್ಡಿನ ಮೂಲೆ ಮೂಲೆಗೆ ಸವರುವ ದನಿ, ಅಕ್ಕ, ಹಾಗನ್ನಬೇಡ, ಗೊತ್ತಿತ್ತು ಅಕ್ಕ ನಂಗೆ, ಎಂದೆನೋ ಇಲ್ಲವೋ, ತುಟಿ ಅಲುಗಿತು ಅಷ್ಟೆ, ಮೇಡಂ ಬರೆಯುತ್ತಿದ್ದಾಳೆ, ಪೆನ್ನಿನ ಸದ್ದು, ಹೊರಗೆ ಹದಿನೆಂಟನ್ನು ಕರೆದರು, ಯಾರೋ ಕೆಮ್ಮಿದರು, ಅಕ್ಕ ಪೊಟ್ಟಣವನ್ನು ಮೆಲ್ಲಗೆ ಮಡಿಸಿದಳು, ಚೂರುಗಳನ್ನು ಒಳಗೆ ಸೇರಿಸಿ ಕಸದ ಬುಟ್ಟಿಗೆ ಹಾಕಿದಳು, ಮೇಜಿನ ಮೇಲೆ ಪುಡಿ ಉಳಿಯಿತು, ಸ್ವಲ್ಪವೇ, ಹಳದಿ ಚುಕ್ಕಿಗಳು, ಪರರ ಮೇಜು, ಗಲೀಜು ಮಾಡಬಾರದು, ಅವಳ ಕೈ ತಾನಾಗಿಯೇ ಎದ್ದಿತು, ತೋರುಬೆರಳು ತುಟಿಗೆ ಹೋಗಿ ಒದ್ದೆಯಾಗಿ ಮೇಜಿಗೆ ಇಳಿಯಿತು, ಪುಡಿಯ ಮೇಲೆ ಒತ್ತಿತು, ನನ್ನ ತಟ್ಟೆ, ಐದು ವರ್ಷದ ನಾನು, ಬೆಣ್ಣೆಯ ಬಾಯಿ, ಆಟ, ಪುಡಿ ಅಂಟಿತು, ಬೆರಳು ಮೇಲೆ ಬಂತು, ಬಾಯಿ ತೆರೆಯಿತು — ಅಲ್ಲಿಗೆ ನಿಂತಿತು. ಬೆರಳ ತುದಿಯಲ್ಲಿ ಬಿಸ್ಕತ್ತಿನ ಪುಡಿ, ಪುಡಿಯ ನಡುವೆ ನರ್ಸು ಚುಚ್ಚಿದ ಕೆಂಪು ಚುಕ್ಕಿ, ಅಕ್ಕ ಅದನ್ನೇ ನೋಡುತ್ತಿದ್ದಾಳೆ, ನನ್ನನ್ನಲ್ಲ, ಬಾಯಿಗೂ ಹೋಗದು, ಕೆಳಗೂ ಇಳಿಯದು, ಆ ಬೆರಳು, ಗಾಳಿಯಲ್ಲಿ, ಆ ಬೆರಳು